ನೀಡುವವರ ಹಸಿವು

ಶಿವರಾತ್ರಿ ಮುಗಿದು ಯುಗಾದಿ ಸಮೀಪಿಸಿತೆಂದರೆ ವಿಜಯಪುರ ಜಿಲ್ಲೆಯ ರಸ್ತೆಗಳ ಒಂದು ಮಗ್ಗುಲು ಪಾದಯಾತ್ರಿಗಳದ್ದಾಗುತ್ತದೆ. ಇಂಡಿ, ಚಡಚಣ, ಸಿಂದಗಿ ಕಡೆಯ ಹಳ್ಳಿಗಳವರು, ಅವರ ಹಿಂದೆ ಸೊಲ್ಲಾಪುರ ಸೀಮೆಯವರು, ಹೆಗಲಿಗೆ ಚೀಲ, ತಲೆಗೆ ಟವೆಲ್, ಕೆಲವರು ಕಂಬಿ ಹೊತ್ತು, ಶ್ರೀಶೈಲದ ಮಲ್ಲಯ್ಯನ ಹೆಸರು ಕೂಗುತ್ತ ನಡೆಯುತ್ತಾರೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ತಾಳಿಕೋಟೆಯ ಸೀಮೆ ಹಾದು, ಕೃಷ್ಣೆ ದಾಟಿ, ರಾಯಚೂರು, ಕರ್ನೂಲು ಹಿಂದೆ ಹಾಕಿ ನಲ್ಲಮಲದ ಕಾಡು ಹೊಗಬೇಕು. ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಕಡೆಯವರ ನಂಬಿಕೆ. ಹಾಗಾಗಿ ಇದು ಯಾತ್ರೆಯೂ ಹೌದು, ಮಗಳ ಮನೆಗೆ ಹೊರಟ ಸಡಗರವೂ ಹೌದು. ಎಷ್ಟೋ ಜನರ ಗಂಟಿನಲ್ಲಿ ಅವಳಿಗೆಂದು ಒಂದು ಸೀರೆ, ಒಂದು ಖಣ ಮಡಚಿಟ್ಟಿರುತ್ತದೆ.

ನಡೆಯುವವರ ಸುದ್ದಿ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಅವರನ್ನು ಕಾಯುತ್ತ ರಸ್ತೆ ಪಕ್ಕ ನಿಂತವರ ಕಡೆ ಕಣ್ಣು ಹೋಗುವುದು ಕಡಿಮೆ. ಊರಿಗೊಂದು ಶಾಮಿಯಾನ, ನೆಲಕ್ಕೆ ತಾಡಪತ್ರಿ, ಕಲ್ಲಿನ ಒಲೆ, ಅದರಡಿ ರಾಶಿ ಮುಗಿದ ಹೊಲದ ತೊಗರಿ ಕಟ್ಟಿಗೆ. ಕೊಪ್ಪರಿಗೆಯಲ್ಲಿ ಅನ್ನ, ಮಗ್ಗುಲಲ್ಲಿ ಸಾರು. ಊರ ಮನೆಮನೆಯಿಂದ ಬಂದ ಕಟಕ ರೊಟ್ಟಿ ಬುಟ್ಟಿಗಳಲ್ಲಿ ಪೇರಿಸಿದೆ, ಜೊತೆಗೆ ಶೇಂಗಾ ಹಿಂಡಿ, ಕೆಂಪು ಖಾರ, ಒಂದು ಕಾಳಿನ ಪಲ್ಯ. ಔಷಧ ಅಂಗಡಿಯವರು ನೋವಿನ ಗುಳಿಗೆ, ಪಟ್ಟಿ, ಮುಲಾಮು ಇಟ್ಟುಕೊಂಡು ಕುಳಿತಿರುತ್ತಾರೆ. ಅತ್ತ ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ವಯಸ್ಸಾದ ರೈತನೊಬ್ಬ ತಾನು ಹಿಂದೆಂದೂ ನೋಡದ, ಮುಂದೆಂದೂ ನೋಡದ ಒಬ್ಬನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗುಳ್ಳೆ ಒಡೆಯದ ಹಾಗೆ ಹುಷಾರಾಗಿ, ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಾನೆ.

“ಹಿಂದಿನ ಊರಾಗ ಉಂಡೇವ್ರಿ ಯಜ್ಜಾ, ಹೊಟ್ಟಿ ತುಂಬೇತಿ” ಎಂದರೂ ಇಲ್ಲಿ ಬಿಡುಗಡೆಯಿಲ್ಲ. “ಹಂಗ ಹೋಗಬ್ಯಾಡ್ರಿ, ಒಂದ್ ಗ್ಲಾಸ್ ಮಜ್ಜಿಗಿಯರ ಕುಡದ್ ಹೋಗ್ರಿ” ಎಂದು ಕೈ ಹಿಡಿದು ಜಗ್ಗುತ್ತಾರೆ. ಬೇಡುವವನು ಉಣ್ಣುವವನಲ್ಲ, ಉಣಿಸುವವನು. ಪಾದಯಾತ್ರಿ ಒಲ್ಲೆನೆಂದು ಮುಂದೆ ಹೋದರೆ ಸೌಟು ಹಿಡಿದವನ ಮುಖ ಸಣ್ಣದಾಗುತ್ತದೆ. ಅವನಿಗೂ ಒಂದು ಹಸಿವಿದೆ, ಅದು ಅನ್ನದ್ದಲ್ಲ. ಹಾಗಾದರೆ ಎಂಥದ್ದು? ಅವನಿಗೆ ಇದರಿಂದ ಸಿಗುವುದಾದರೂ ಏನು?

ಈ ಪ್ರಶ್ನೆಗೆ ಈಗ ಮೊದಲಿಗಿಂತ ಹೆಚ್ಚು ತೂಕ ಬಂದಿದೆ. ಏಕೆಂದರೆ ಸುಖ ಎಂಬುದು ಇಷ್ಟು ಹತ್ತಿರ, ಇಷ್ಟು ಅಗ್ಗವಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಸಿಂದಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿ ಸಿಗುವ ಮೋರಟಗಿಯಂಥ ಊರಿನ ಚಹಾದಂಗಡಿಯಲ್ಲಿ ಕೂತವರ ಕೈ ನೋಡಿದರೆ ಸಾಕು. ಒಂದು ಕೈಯಲ್ಲಿ ಬಸಿ, ಇನ್ನೊಂದರಲ್ಲಿ ಫೋನು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಆ ಖಾಲಿ ಜಾಗಕ್ಕೆ ರೀಲ್ಸ್ ತಂದು ಕೂರಿಸಿತು. ಬೆರಳು ಸವರಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವರಲ್ಲಿ ಒಬ್ಬನಾದ ಅಮೆರಿಕದ ಅಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ. ಪಶ್ಚಾತ್ತಾಪದ ಆ ವಿಡಿಯೊವನ್ನೂ ಜನ ಸವರಿ ಮುಂದೆ ಹೋದರು.

ಇದರಲ್ಲಿ ಹುಡುಗರನ್ನು ಬೈಯುವುದೇನೂ ಇಲ್ಲ. ದಿನವಿಡೀ ಬಿಸಿಲಲ್ಲಿ ಕಬ್ಬು ಕಡಿದು ಬಂದವನು ಹತ್ತು ನಿಮಿಷ ನಗಬೇಕೆಂದು ಫೋನು ಹಿಡಿದರೆ ಅದು ಪಾಪವಲ್ಲ. ತಂಟೆ ಇರುವುದು ಬೇರೆ ಕಡೆ. ಮೊದಲ ರೀಲ್ಸ್‌ಗೆ ಬಂದ ನಗು ಇಪ್ಪತ್ತನೆಯದಕ್ಕೆ ಬರುವುದಿಲ್ಲ. ಆದರೂ ಬೆರಳು ನಿಲ್ಲುವುದಿಲ್ಲ. ಕೈಗೆ ತಕ್ಷಣ ಸಿಕ್ಕಿದ ಸುಖ ತಕ್ಷಣವೇ ಸವೆಯುತ್ತದೆ. ಇದು ಮಠದ ಪ್ರವಚನದಲ್ಲಷ್ಟೇ ಕೇಳಿಬರುವ ಮಾತಲ್ಲ, ಎಣಿಸಿ ಅಳೆದು ನೋಡಿದವರೂ ಇದ್ದಾರೆ.

2008ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಸಂಗಡಿಗರು 46 ಜನರಿಗೆ ಬೆಳಿಗ್ಗೆ ಒಂದೊಂದು ಲಕೋಟೆ ಕೊಟ್ಟರು. ಕೆಲವದರಲ್ಲಿ 5 ಡಾಲರ್, ಕೆಲವದರಲ್ಲಿ 20. ಸಂಜೆ 5 ಗಂಟೆಯೊಳಗೆ ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ, ಇನ್ನರ್ಧ ಜನ ಬೇರೆಯವರಿಗಾಗಿ. ಸಂಜೆ ವಿಚಾರಿಸಿದರೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಲ್ಲಿದ್ದರು. ಹಣ ಐದೋ ಇಪ್ಪತ್ತೋ ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ. ನಿಜವಾದ ಸ್ವಾರಸ್ಯ ಇದಲ್ಲ. ಯಾರಿಗೆ ಹೆಚ್ಚು ಖುಷಿಯಾಗಬಹುದು ಎಂದು ಬೇರೆ ವಿದ್ಯಾರ್ಥಿಗಳನ್ನು ಕೇಳಿದಾಗ ಹೆಚ್ಚಿನವರು ಉಲ್ಟಾ ಹೇಳಿದರು: ತಮಗೇ ಖರ್ಚು ಮಾಡಿಕೊಂಡವರಿಗೆ, ಅದೂ 20 ಡಾಲರ್ ಸಿಕ್ಕವರಿಗೆ ಎಂದು. ತನಗೆ ಸುಖ ಯಾವುದರಲ್ಲಿದೆ ಎಂದು ಊಹಿಸುವುದರಲ್ಲೇ ಮನುಷ್ಯ ಎಡವುತ್ತಾನೆ.

2019ರಲ್ಲಿ ಎಡ್ ಓಬ್ರಿಯನ್ ಮತ್ತು ಸಮಂತಾ ಕಸಿರರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿ ವಿಷಯಕ್ಕೆ ಬರುತ್ತದೆ. ಐದು ದಿನ, ದಿನಕ್ಕೆ 5 ಡಾಲರ್, ದಿನವೂ ಒಂದೇ ಬಗೆಯ ಖರ್ಚು. ತಮಗೇ ಖರ್ಚು ಮಾಡಿಕೊಂಡವರ ಖುಷಿ ದಿನದಿಂದ ದಿನಕ್ಕೆ ಇಳಿಯಿತು. ಬೇರೆಯವರಿಗೆ ಕೊಟ್ಟವರದ್ದು ಅಷ್ಟು ಇಳಿಯಲಿಲ್ಲ. ಐದನೆಯ ದಿನವೂ ಹೆಚ್ಚುಕಡಿಮೆ ಮೊದಲ ದಿನದ ಹಾಗೆಯೇ ಇತ್ತು. ಕಾಲೇಜು ಹುಡುಗರ ಮೇಲೆ ಐದು ದಿನ ನಡೆಸಿದ ಪ್ರಯೋಗವನ್ನು ಜಗತ್ತಿನ ಸತ್ಯವೆಂದು ತಲೆಯ ಮೇಲೆ ಹೊರಬೇಕಾಗಿಲ್ಲ. ಆದರೂ ವರ್ಷ ವರ್ಷ ಅದೇ ಜಾಗದಲ್ಲಿ ಅದೇ ಸೌಟು ಹಿಡಿದು ನಿಲ್ಲುವವನನ್ನು ನೋಡಿದವರಿಗೆ ಈ ಫಲಿತಾಂಶ ಅಚ್ಚರಿಯದಲ್ಲ.

ಇನ್ನು ಈ ನೆಲದ ಮಾತಿಗೆ ಬರೋಣ. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ. ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವ ದೇವರ ಹಿಪ್ಪರಗಿಯವನು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ ಶಿವಣಗಿಯವನು. ಮೂರೂ ಊರುಗಳು ಒಂದೇ ಜಿಲ್ಲೆಯಲ್ಲಿ, ಒಂದು ದಿನದಲ್ಲಿ ಬಸ್ ಹತ್ತಿ ನೋಡಿ ಬರುವಷ್ಟು ಹತ್ತಿರದಲ್ಲಿವೆ. ಈ ಶರಣರು ಸೇವೆಯ ವಿಚಾರದಲ್ಲಿ ಮಾಡಿದ ಮುಖ್ಯ ಕೆಲಸವೆಂದರೆ ಕೊಡುವವನನ್ನು ಗದ್ದುಗೆಯಿಂದ ಕೆಳಗಿಳಿಸಿದ್ದು. ಅರಸ ದಾನ ಮಾಡಿದರೆ ಶಾಸನ ಕೆತ್ತಿಸುತ್ತಾನೆ. ಎಷ್ಟು ಮತ್ತರು ಭೂಮಿ, ಯಾರಿಗೆ, ಯಾವ ತಿಥಿಯಂದು ಎಂದು ಕಲ್ಲಿನ ಮೇಲೆ ಬರೆಸುತ್ತಾನೆ. ಶರಣರ ದಾಸೋಹದಲ್ಲಿ ಉಣಿಸುವವನೇ ಕೆಳಗೆ, ಉಣ್ಣುವವನು ಮೇಲೆ. ಉಣ್ಣಲು ಬಂದವನೇ ಉಪಕಾರ ಮಾಡಿದವನು. ರಸ್ತೆ ಬದಿಯಲ್ಲಿ ಪಾದಯಾತ್ರಿಯ ಕೈ ಹಿಡಿದು ಜಗ್ಗುವ ರೈತ ಯಾವ ಪುಸ್ತಕವನ್ನೂ ಓದದೆ ಈ ತತ್ತ್ವವನ್ನು ಆಡಿ ತೋರಿಸುತ್ತಿದ್ದಾನೆ.

ಚಂದಯ್ಯನ ಕಥೆ ಇನ್ನೂ ಕಟುವಾಗಿದೆ. ಅವನು ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ಜಂಗಮರಿಗೆ ಉಣಿಸುವವನು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ಹುಡುಕಲಿಲ್ಲ. ಹೊರೆ ಕಟ್ಟಿ ಮನೆಗೆ ನಡೆದ. ಲಿಂಗವೇ ಹಿಂದೆ ಬಿದ್ದು, ನನ್ನನ್ನು ಧರಿಸಿಕೋ ಎಂದು ಗೋಗರೆಯಿತಂತೆ. ಮಾಚಿದೇವ ನಡುವೆ ಬಂದು ಪಂಚಾಯಿತಿ ಮಾಡಿ, ಲಿಂಗವೂ ಒಂದು ಕೆಲಸ ಮಾಡಲಿ, ಹಗ್ಗ ಮಾರಿಕೊಂಡು ಬರಲಿ ಎಂದ. ಬಸವಣ್ಣ ಆ ಹಗ್ಗಕ್ಕೆ ರಾಶಿ ಹೊನ್ನು ಕೊಟ್ಟು ಕಳಿಸಿದಾಗ ಚಂದಯ್ಯ ಸಿಟ್ಟಾದ. ಹಗ್ಗದ ಬೆಲೆ ಎಷ್ಟೋ ಅಷ್ಟೇ ಬರಬೇಕು, ಮಿಕ್ಕದ್ದು ದುಡಿದ ಹಣವಲ್ಲ, ಅದರಿಂದ ಉಣಿಸಲಾರೆ ಎಂದ. ಕಥೆಯನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ದೇವರನ್ನೇ ಕಾಯಿಸಿ ಕೆಲಸ ಮುಗಿಸುವ, ದೊಡ್ಡ ಮೊತ್ತ ಕೈಗೆ ಬಂದಾಗ ವಾಪಸ್ ಕಳಿಸುವ ಒಬ್ಬ ಹಗ್ಗದವನನ್ನು ಈ ನಾಡು ಎಂಟುನೂರು ವರ್ಷದಿಂದ ಹೊಗಳಿಕೊಂಡು ಬಂದಿದೆ ಎಂಬುದು ಮಾತ್ರ ಗಮನಿಸತಕ್ಕದ್ದು. ಚಂದಯ್ಯನ ಸುಖ ಕೊಟ್ಟ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಅದು ಹುಲ್ಲು ಕೊಯ್ಯುವಾಗ, ಎಳೆ ಹೊಸೆಯುವಾಗಲೇ ಶುರುವಾಗಿತ್ತು.

ಚಂದಯ್ಯನದು ಪುರಾಣ ಬೆರೆತ ಬದುಕು. ದಾಖಲೆ ಇರುವ ಬದುಕೊಂದು ಬೇಕೆಂದರೆ ಅದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿ ಇದ್ದಾರೆ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಫಕೀರಪ್ಪ ಹಳಕಟ್ಟಿ ಕಾನೂನು ಓದಿ ವಿಜಯಪುರಕ್ಕೆ ಬಂದು ವಕೀಲಿಗೆ ನಿಂತರು. ಒಳ್ಳೆಯ ವಕೀಲ, ಸರ್ಕಾರಿ ವಕೀಲರೂ ಆದರು. ಆಗಿನ ವಿಜಯಪುರದಲ್ಲಿ ಬಂಗಲೆ ಕಟ್ಟಿಸಿ ಆರಾಮಾಗಿ ಇರಲು ಅಷ್ಟೇ ಸಾಕಿತ್ತು. ಆದರೆ ಹಳ್ಳಿಯ ಮನೆಗಳ ಜಂತಿಗಳಲ್ಲಿ, ಮಠಗಳ ಮೂಲೆಗಳಲ್ಲಿ ಗಂಟು ಕಟ್ಟಿಟ್ಟು ಪೂಜೆ ಮಾಡುತ್ತಿದ್ದ ತಾಡವೋಲೆಗಳ ಹುಚ್ಚು ಅವರಿಗೆ ಹಿಡಿಯಿತು. ಆ ಗಂಟುಗಳೊಳಗೆ ಇದ್ದದ್ದು ಶರಣರ ವಚನಗಳು. ಪೂಜೆಯೇನೋ ನಡೆಯುತ್ತಿತ್ತು, ಓದುವವರು ಇರಲಿಲ್ಲ. ಗೆದ್ದಲು ಮಾತ್ರ ಹಬ್ಬ ಮಾಡುತ್ತಿತ್ತು.

ಕೋರ್ಟು ಮುಗಿಸಿ, ರಜೆ ಸಿಕ್ಕಾಗ, ಹಳಕಟ್ಟಿ ಊರೂರು ಅಲೆದರು. ಒಂದೊಂದು ಗರಿಯನ್ನು ನಕಲು ಮಾಡಿಸಿ, ಒಂದು ಪ್ರತಿಯನ್ನು ಇನ್ನೊಂದರ ಜೊತೆ ಹೋಲಿಸಿ, ಯಾವ ವಚನ ಯಾರದು ಎಂದು ಅಂಕಿತ ನೋಡಿ ಬೇರ್ಪಡಿಸಿದರು. ಅಲ್ಲಿಯವರೆಗೆ ನಾಡಿಗೆ ಹೆಸರು ಗೊತ್ತಿದ್ದ ವಚನಕಾರರು ಕೆಲವೇ ಮಂದಿ. ಹಳಕಟ್ಟಿಯವರ ಹುಡುಕಾಟ ಅದನ್ನು ಇನ್ನೂರರಾಚೆಗೆ ದಾಟಿಸಿತು. ಸಿದ್ಧಪಡಿಸಿದ ಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದಾಗ ಅದು ಅಚ್ಚಾಗದೆ ಹಿಂದಿರುಗಿ ಬಂದ ಸಂಗತಿ ಪ್ರಸಿದ್ಧವೇ. ಕೊನೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಮುದ್ರಣಾಲಯ ನಂಬಿದರೆ ಕೆಲಸ ಸಾಗದೆಂದು 1925ರಲ್ಲಿ ಸ್ವಂತ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ‘ಶಿವಾನುಭವ’ವನ್ನು ಮೂರು ದಶಕಕ್ಕೂ ಹೆಚ್ಚು ಕಾಲ ಎಳೆದುಕೊಂಡು ಬಂದರು, ಎಳೆದುಕೊಂಡು ಎಂಬುದೇ ಸರಿಯಾದ ಮಾತು, ಏಕೆಂದರೆ ಚಂದಾದಾರರ ಹಣದಿಂದ ಅದು ಎಂದೂ ತಾನಾಗಿ ನಡೆಯಲಿಲ್ಲ.

1910ರಲ್ಲಿ ಅವರು ಕಟ್ಟಿದ ಬಿಎಲ್‌ಡಿಇ ಸಂಸ್ಥೆ ಇವತ್ತು ವಿಶ್ವವಿದ್ಯಾಲಯ ನಡೆಸುತ್ತದೆ. 1912ರಲ್ಲಿ ಕಟ್ಟಿದ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಇಂದಿಗೂ ಇದೆ. ಬರಗಾಲ ಈ ಜಿಲ್ಲೆಯ ನಿತ್ಯದ ನೆಂಟ; ಬರ ಬಂದಾಗ ರೈತರ ಪರವಾಗಿ ಓಡಾಡಿದವರಲ್ಲಿ ಅವರೂ ಒಬ್ಬರು. ಬ್ಯಾಂಕು ಕಟ್ಟಿದ ಮನುಷ್ಯನ ಕೊನೆಗಾಲ ಮಾತ್ರ ಬಡತನದಲ್ಲಿ ಕಳೆಯಿತು. ಹರಿದ ಕೋಟು, ಹಳೆಯ ಸೈಕಲ್ಲು. 1964ರ ಜೂನ್ 29ರಂದು ತೀರಿಕೊಂಡರು. ಅವರ ಕೆಲಸದ ಪೂರ್ಣ ಬೆಲೆ ನಾಡಿಗೆ ತಿಳಿದದ್ದು ಆಮೇಲೆ, ಮುಂದಿನವರು ಸಮಗ್ರ ವಚನ ಸಂಪುಟಗಳನ್ನು ತರಲು ಕುಳಿತಾಗ. ಲೈಕು ಬರಲು ಹತ್ತು ನಿಮಿಷ ತಡವಾದರೆ ಫೋಟೊ ತೆಗೆದುಹಾಕುವ ಕಾಲದಲ್ಲಿ ಹಳಕಟ್ಟಿಯವರ ಲೆಕ್ಕ ಅರ್ಥವಾಗುವುದು ಕಷ್ಟ.

ಅವರು ಸುಖವಾಗಿದ್ದರೇ? ಈ ಪ್ರಶ್ನೆಗೆ ಅವರನ್ನು ತ್ಯಾಗಮೂರ್ತಿ ಮಾಡಿ ಕೈ ತೊಳೆದುಕೊಳ್ಳುವುದು ಸುಲಭ, ಆದರೆ ತಪ್ಪು. ತ್ಯಾಗ ಎಂಬುದು ನೋಡುವವರ ಲೆಕ್ಕ. ಗೆದ್ದಲು ತಿಂದು ಉಳಿದ ಗರಿಯೊಂದರಲ್ಲಿ ಯಾರೂ ಕೇಳಿರದ ಒಬ್ಬ ಶರಣೆಯ ಅಂಕಿತ ಮೊದಲ ಬಾರಿಗೆ ಕಣ್ಣಿಗೆ ಬೀಳುವ ಗಳಿಗೆ ಎಂಥದ್ದೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ಅದಕ್ಕಾಗಿ ಮನೆ ಮಾರಿದವನು ಕಳೆದುಕೊಂಡೆ ಎಂದುಕೊಳ್ಳುವುದಿಲ್ಲ, ಕೊಂಡೆ ಎಂದುಕೊಳ್ಳುತ್ತಾನೆ.

ಅದೇ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರದು ಇನ್ನೊಂದು ಬಗೆ. ಅವರ ಬಿಳಿ ಅಂಗಿಗೆ ಜೇಬು ಇರಲಿಲ್ಲ. ಇಡುವ ಜಾಗವೇ ಇಲ್ಲದಿದ್ದರೆ ತೆಗೆದುಕೊಳ್ಳುವ ಪ್ರಶ್ನೆಯೂ ಇಲ್ಲ. ಊರಿನವರು ಕರೆದರೆ ಹೋಗಿ ತಿಂಗಳುಗಟ್ಟಲೆ ಬೆಳಗಿನ ಪ್ರವಚನ ಹೇಳುತ್ತಿದ್ದರು. ಸಮಯಕ್ಕೆ ಸರಿಯಾಗಿ ಶುರು, ಸಮಯಕ್ಕೆ ಸರಿಯಾಗಿ ಮುಕ್ತಾಯ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಸನ್ಯಾಸಿಗೆ ಪ್ರಶಸ್ತಿ ಬೇಡವೆಂದು ವಿನಯದಿಂದ ಪತ್ರ ಬರೆದು ಮರಳಿಸಿದರು. 2023ರ ಜನವರಿ 2ರಂದು ದೇಹ ಬಿಟ್ಟರು. ಸಮಾಧಿ ಕಟ್ಟಬೇಡಿ, ಸ್ಮಾರಕ ಮಾಡಬೇಡಿ, ದೇಹ ಸುಟ್ಟು ಬೂದಿಯನ್ನು ನೀರಿಗೆ ಬಿಡಿ ಎಂದು 2014ರಲ್ಲೇ ಬರೆದಿಟ್ಟಿದ್ದರು, ಹಾಗೆಯೇ ಆಯಿತು. ಆ ಎರಡು ದಿನ ವಿಜಯಪುರಕ್ಕೆ ಬಂದ ಲಕ್ಷಾಂತರ ಜನಕ್ಕೆ ಊರವರು ಉಣಿಸಿದರು. ಯಾರಿಗೂ ಏನನ್ನೂ ಕೂಡಿಡದ ಮನುಷ್ಯನಿಗೆ ಊರು ಸಲ್ಲಿಸಬಹುದಾದ ಗೌರವ ಅದೇ ಇತ್ತು.

ಸಂತರ ಮಾತು ಬೇಡ, ಸಾಮಾನ್ಯರದ್ದು ಹೇಳಿ ಎನ್ನುವವರಿಗೆ ಇಂಡಿ ತಾಲ್ಲೂಕಿನ ಲಚ್ಯಾಣ ಇದೆ. 2024ರ ಏಪ್ರಿಲ್ 3ರ ಸಂಜೆ ಅಲ್ಲಿ ಎರಡು ವರ್ಷದ ಮಗುವೊಂದು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ನೀರು ಬರಲಿಲ್ಲವೆಂದು ಹಾಗೇ ಬಿಟ್ಟಿದ್ದ ಬಾವಿ. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳದವರು ಬಂದರು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುತ್ತ ಹೋದರೆ ಬಂಡೆ ಅಡ್ಡ ಬಂತು. ಯಂತ್ರ ಅಲುಗಿದರೆ ಮಣ್ಣು ಕುಸಿದೀತೆಂಬ ಭಯ, ನಿಧಾನ ಮಾಡಿದರೆ ಉಸಿರು ನಿಂತೀತೆಂಬ ಭಯ. ಸುಮಾರು 20 ಗಂಟೆಯ ನಂತರ, ಮರುದಿನ ಮಧ್ಯಾಹ್ನ, ಮಗು ಜೀವಂತವಾಗಿ ಹೊರಬಂತು.

ಆ ರಾತ್ರಿ ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತಿತ್ತು. ನೋಡಿದವರಿಗೂ ಕಳವಳ, ಮಗು ಬಂದಾಗ ಕಣ್ಣೀರು, ಎಲ್ಲವೂ ನಿಜ. ಆದರೆ ಅರ್ಧ ಗಂಟೆಯಲ್ಲಿ ಚಾನೆಲ್ ಬದಲಾಯಿತು, ಐಪಿಎಲ್ ಸಂಜೆಗಿತ್ತು. ಗುಂಡಿಯೊಳಗೆ ಬಾಗಿ ಕೈಯಲ್ಲಿ ಮಣ್ಣು ಬಗೆದವನಿಗೆ ಆ ಮಧ್ಯಾಹ್ನ ಅಷ್ಟು ಬೇಗ ಬದಲಾಗಿರಲಾರದು. ನೋಟದಿಂದ ಬಂದ ಸಂತೋಷ ನೋಟದ ಜೊತೆಗೇ ಹೋಯಿತು. ಕೈಯಿಂದ ಬಂದದ್ದು ಮೈಯಲ್ಲಿ ಉಳಿಯುತ್ತದೆ. ತಕ್ಷಣದ ಸುಖದ ಮೇಲಿನ ದೂರು ಅದು ಸುಖವೆಂಬುದಲ್ಲ, ಅದರಲ್ಲಿ ನಮ್ಮ ಕೈಗೆ ಕೆಲಸವಿಲ್ಲ ಎಂಬುದು.

ಇಷ್ಟು ಹೇಳಿದ ಮೇಲೆ ಸೇವೆಯ ಪರ ವಕಾಲತ್ತು ಮುಗಿಯಿತೆಂದು ಎದ್ದುಹೋಗುವಂತಿಲ್ಲ. ಎದುರು ಕಟಕಟೆಯಲ್ಲಿ ಸಾಕ್ಷಿಗಳು ನಿಂತಿದ್ದಾರೆ.

ಮೊದಲನೆಯದು, ಸೇವೆಯೇ ಈಗ ರೀಲ್ಸ್ ಆಗಿದೆ. ದಾಸೋಹದ ಶಾಮಿಯಾನಕ್ಕಿಂತ ಅದರ ಮುಂದಿನ ಫ್ಲೆಕ್ಸು ದೊಡ್ಡದು. ಅದರ ಮೇಲೆ ಹತ್ತಾರು ಮುಖ, ಚುನಾವಣೆ ಹತ್ತಿರವಿದ್ದರೆ ಇನ್ನೂ ಹತ್ತು. ಒಬ್ಬ ಮುದುಕಿಗೆ ಬಾಳೆಹಣ್ಣು ಕೊಡಲು ಎಂಟು ಕೈ ಚಾಚಿರುತ್ತವೆ, ಎಲ್ಲರ ಕಣ್ಣೂ ಕ್ಯಾಮೆರಾ ಕಡೆ. ಪಡೆದವಳ ಮುಖದಲ್ಲಿ ಏನಿದೆ ಎಂದು ನೋಡಲು ಯಾರಿಗೂ ಪುರಸೊತ್ತಿಲ್ಲ. ಇದನ್ನು ಪೂರ್ತಿ ಅಲ್ಲಗಳೆಯಲೂ ಆಗದು. ಫೋಟೊ ಆಸೆಗೆ ಬಂದವನು ಬಡಿಸಿದರೂ ಅನ್ನ ಅನ್ನವೇ, ಹೊಟ್ಟೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಅರಸರೂ ಶಾಸನ ಕೆತ್ತಿಸಿದರಲ್ಲ! ಆದರೆ ಅಂಥವನಿಗೆ ಸಿಗುವುದು ಲೈಕಿನ ಸುಖ. ಅದರ ಆಯುಸ್ಸು ಉಳಿದ ರೀಲ್ಸ್‌ಗಳಷ್ಟೇ. ಮುಂದಿನ ವರ್ಷ ಅವನು ಬೇರೆ ಕಾರ್ಯಕ್ರಮದಲ್ಲಿರುತ್ತಾನೆ, ಸೌಟಿನವನು ಅಲ್ಲೇ ಇರುತ್ತಾನೆ.

ಎರಡನೆಯದು, ಸೇವೆ ಮಾಡಿದರೆ ಆನಂದ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಯಾರೂ ಕೊಟ್ಟಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು; ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಕೋಲ್ಕತ್ತದ ಬೀದಿಗಳಲ್ಲಿ ದಶಕಗಟ್ಟಲೆ ನಗುತ್ತ ಕೆಲಸ ಮಾಡಿದ ಆಕೆ ಆ ಕಾಲದ ಬಹುಪಾಲು ಒಳಗೆ ದೇವರಿಲ್ಲದ ಕತ್ತಲೆಯನ್ನೇ ಅನುಭವಿಸಿದ್ದರು ಎಂದು ಆ ಪತ್ರಗಳು ತೋರಿಸಿದವು. ಭಕ್ತರು ಬೆಚ್ಚಿದರು, ಟೀಕಾಕಾರರು ಗೆದ್ದೆವೆಂದರು. ಇಬ್ಬರೂ ಅವಸರ ಮಾಡಿದರು. ಖುಷಿ ಬಂದಾಗ ಮಾತ್ರ ಮಾಡುವುದಾದರೆ ಅದು ಸೇವೆಯಲ್ಲ, ಹವ್ಯಾಸ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಂಡವರನ್ನು ಕೇಳಿದರೆ ಆನಂದದ ಮಾತು ಆಡುವುದಿಲ್ಲ. ಸೊಂಟ ನೋವು, ನಿದ್ದೆಗೇಡು, ಕೆಲವು ರಾತ್ರಿ ಬಂದ ಸಿಟ್ಟು, ಆ ಸಿಟ್ಟಿಗೆ ಆಮೇಲೆ ಬಂದ ಅಳು, ಇವನ್ನೇ ಹೇಳುತ್ತಾರೆ. ಸೇವೆಯಿಂದ ಸಂತೋಷ ಎಂದು ಪ್ರವಚನ ಮಾಡುವವರು ಒಮ್ಮೆ ಅವರ ಪಡಸಾಲೆಯಲ್ಲಿ ಕೂತು ಬರಬೇಕು.

ಮೂರನೆಯ ಸಾಕ್ಷಿಯನ್ನು ಎದುರಿಸುವುದು ಎಲ್ಲಕ್ಕಿಂತ ಕಷ್ಟ. ಶಾಮಿಯಾನದ ಬುಟ್ಟಿಯಲ್ಲಿದ್ದ ಕಟಕ ರೊಟ್ಟಿ ತಾನಾಗಿ ಬಂದದ್ದಲ್ಲ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಬಡಿದು, ಹಂಚಿನ ಮೇಲೆ ನೀರು ಸವರಿ, ಬೇಯಿಸಿ, ಒಣಗಿಸಿ, ಪೇರಿಸಿ ಕೊಟ್ಟವರು ಮನೆಯ ಹೆಂಗಸರು. ಹಗಲಿಗೆ ಹೊಲ, ಮುಂಜಾನೆ ಸಂಜೆ ಒಲೆ. ಬಡಿಸಿ ಕೈ ಮುಗಿಸಿಕೊಂಡವರು ಗಂಡಸರು. ಹಾಗೆಯೇ ಶತಮಾನಗಳ ಕಾಲ ಕೆಲವು ಜಾತಿಗಳಿಗೆ ಸೇವೆ ಎಂದರೆ ಇನ್ನೊಬ್ಬರ ಹೊಲಸು ಹೊರುವುದು ಎಂದೇ ಅರ್ಥವಿತ್ತು; ಅದನ್ನು ಪುಣ್ಯವೆಂದು ಹೇಳಿಕೊಟ್ಟವರು ತಾವು ಮಾತ್ರ ಹೊರಲಿಲ್ಲ. ಕೆನಡಾದ ಪ್ರಯೋಗದಲ್ಲಿ ಲಕೋಟೆ ಹಿಡಿದವನಿಗೆ ಯಾರಿಗೆ ಕೊಡಬೇಕೆಂಬುದಾದರೂ ತನ್ನ ಇಷ್ಟವಾಗಿತ್ತು. ಆಯ್ಕೆಯೇ ಇಲ್ಲದ ಕಡೆ ಆನಂದವನ್ನು ಬೋಧಿಸುವುದು ಮೋಸ.

ಮಾಚಿದೇವನ ಬಟ್ಟೆ ಒಗೆಯುವ ಕೆಲಸ ಹುಟ್ಟಿನಿಂದ ಬಂದದ್ದೇ. ಶರಣರು ಅದನ್ನು ಮಂತ್ರಿಯ ಕೆಲಸಕ್ಕೆ ಸಮನಾಗಿ ಕೂರಿಸಿದರು, ಅರಸ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣನ ಪಕ್ಕದಲ್ಲೇ ಅವನಿಗೂ ಮಾತಾಡುವ ಹಕ್ಕು ಇತ್ತು. ಮೊದಲು ದುಡಿಮೆ, ದುಡಿದವನಿಗೆ ಮರ್ಯಾದೆ, ಅದರ ಮೇಲೆ ದಾಸೋಹ. ಈ ಅನುಕ್ರಮ ತಪ್ಪಿದ ಕಡೆ ಉಳಿಯುವುದು ಬಿಟ್ಟಿ ಚಾಕರಿ. ಮೊಹರಂ ದಿನ ಇದೇ ಹಳ್ಳಿಗಳಲ್ಲಿ ಜಾತಿ ಮತ ನೋಡದೆ ಶರಬತ್ತು ಹಂಚುತ್ತಾರೆ, ಅಲಾಯಿ ದೇವರ ಮುಂದೆ ಎಲ್ಲರೂ ಕುಣಿಯುತ್ತಾರೆ. ಅಲ್ಲಿನ ಸಂಭ್ರಮ ನೋಡಿದರೆ ಗೊತ್ತಾಗುತ್ತದೆ, ಕೊಡುವವನೂ ಕುಡಿಯುವವನೂ ಒಂದೇ ಸಾಲಿನಲ್ಲಿ ನಿಂತಾಗ ಯಾರಿಗೂ ಭಾರವಾಗುವುದಿಲ್ಲ.

ಬುಟ್ಟಿಯ ರೊಟ್ಟಿಯಿಂದ ಎದ್ದ ಪ್ರಶ್ನೆಗೆ ಶರಣರ ಕಥೆಗಳಲ್ಲೇ ಒಬ್ಬ ಹೆಂಗಸು ಸಿಗುತ್ತಾಳೆ. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ಕೃಷ್ಣೆಯಾಚೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನಿದ್ದ ಕಲ್ಯಾಣಕ್ಕೆ ಹೋಗಿ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಅದರಲ್ಲೇ ತಾವೂ ಉಂಡು ಬಂದವರಿಗೂ ಇಕ್ಕುತ್ತಿದ್ದರು. ಒಂದು ದಿನ ಮಾರಯ್ಯ ಅನುಭವದ ಮಾತುಕತೆಯಲ್ಲಿ ಮೈಮರೆತು ಕೂತಾಗ, ಕೆಲಸಕ್ಕೆ ಹೊತ್ತಾಯಿತೆಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಅವನು ಹೋಗಿ ಗಡಿಬಿಡಿಯಲ್ಲಿ ದಿನದ ಪಾಲಿಗಿಂತ ಹೆಚ್ಚು ತಂದ. ಪರೀಕ್ಷೆ ಮಾಡಲೆಂದು ಬಸವಣ್ಣನೇ ಹೆಚ್ಚು ಚೆಲ್ಲಿಸಿದ್ದನಂತೆ. ಲಕ್ಕಮ್ಮ ಮೊರ ನೋಡಿದಳು. ಇಷ್ಟೇಕೆ, ಇದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಎದುರಾಡದೆ ಹೋಗಿ ಸುರಿದು ಬಂದ. ಆಮೇಲೆ ಅದೇ ಲಕ್ಕಮ್ಮ ಕಲ್ಯಾಣದ ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನು ಊಟಕ್ಕೆ ಕರೆದಳು, ಎಲ್ಲರಿಗೂ ಸಾಕಾಯಿತು ಎಂದು ಕಥೆ. ಸಂಖ್ಯೆಯನ್ನು ಭಕ್ತರಿಗೆ ಬಿಡೋಣ. ಎಷ್ಟು ತರಬೇಕು, ಯಾವಾಗ ಏಳಬೇಕು, ಯಾರನ್ನು ಕರೆಯಬೇಕು, ಮೂರನ್ನೂ ಆ ಮನೆಯಲ್ಲಿ ತೀರ್ಮಾನಿಸಿದವಳು ಒಲೆಯ ಮುಂದಿದ್ದ ಹೆಂಗಸು. ಇವತ್ತಿನ ದಾಸೋಹ ಸಮಿತಿಗಳ ಸಭೆ ನಡೆಯುವಾಗ ಅವಳ ವಾರಸುದಾರರು ಇನ್ನೂ ಹಿತ್ತಿಲಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ.